ಯುವಜನರ ತಂದೆ ಸಂತ ಜಾನ್ ಬೋಸ್ಕೊ

ಏಪ್ರಿಲ್-ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ ದೊರೆತೊಡನೆ ಕರ್ನಾಟಕದ ಅನೇಕ ಧರ್ಮಕೇಂದ್ರಗಳಲ್ಲಿ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳು ನಡೆಯುವುದು ವಾಡಿಕೆ. ಜ್ಞಾನೋಪದೇಶದ ಜೊತೆಗೆ ಹಾಡು, ಆಟ, ನಾಟಕ, ಪ್ರವಾಸಗಳನ್ನು ಕಂಡ ಕೆಲವು ಹಿರಿಯರಿಗೆ ಇದು ಕೇವಲ ಕಾಲಹರಣವೆಂದು ತೋರುವುದುಂಟು. ಆದರೆ ಆಟವನ್ನೂ ಪ್ರಾರ್ಥನೆಯನ್ನೂ ಒಂದೇ ಅಂಗಳಕ್ಕೆ ತಂದು, ಆ ಮೂಲಕ ದಿಕ್ಕಿಲ್ಲದ ಬಾಲಕರ ಬಾಳನ್ನು ತಿದ್ದಿದ ಮಹನೀಯರೊಬ್ಬರ ಜೀವನವನ್ನು ಅರಿತರೆ ಈ ಭಾವನೆ ದೂರವಾದೀತು. ಅವರೇ ಡಾನ್ ಬೋಸ್ಕೊ ಎಂದು ಲೋಕವಿಖ್ಯಾತರಾದ ಸಂತ ಜಾನ್ ಬೋಸ್ಕೊ.

ಉತ್ತರ ಇಟಲಿಯ ಟ್ಯೂರಿನ್ ನಗರಕ್ಕೆ ಸಮೀಪದ ಬೆಕ್ಕಿ ಎಂಬ ಹಳ್ಳಿಯ ಬಡ ರೈತ ಕುಟುಂಬದಲ್ಲಿ 1815ನೆಯ ಆಗಸ್ಟ್ 16ರಂದು ಅವರು ಜನಿಸಿದರು. ಎರಡು ವರ್ಷ ತುಂಬುವ ಮುನ್ನವೇ ತಂದೆಯನ್ನು ಕಳೆದುಕೊಂಡ ಮಗುವನ್ನು ತಾಯಿ ಮಾರ್ಗರೀಟರು ದುಡಿಮೆ ಮತ್ತು ದೈವಭಕ್ತಿಗಳಲ್ಲಿ ಬೆಳೆಸಿದರು. ಸಂತೆ-ಜಾತ್ರೆಗಳಲ್ಲಿ ದೊಂಬರಾಟವನ್ನು ನೋಡಿ ಕಲಿತ ಬಾಲಕ ಜಾನ್, ಹಗ್ಗದ ಮೇಲೆ ನಡೆದು ಹಳ್ಳಿಯ ಮಕ್ಕಳನ್ನು ರಂಜಿಸುತ್ತಿದ್ದನು. ಆದರೆ ಆಟಕ್ಕೆ ಮುನ್ನ ಜಪಮಾಲೆಯ ಪ್ರಾರ್ಥನೆಯಾಗಬೇಕು. ಆ ವಾರ ದೇವಾಲಯದಲ್ಲಿ ಕೇಳಿದ ಪ್ರಸಂಗವನ್ನು ಅವನ ಬಾಯಿಂದ ಎಲ್ಲರೂ ಮತ್ತೊಮ್ಮೆ ಕೇಳಬೇಕು. ಇದೇ ಅವನು ವಿಧಿಸಿದ ಶುಲ್ಕ.

ಕೂಲಿಯಾಳಾಗಿ ದುಡಿದು, ಕಷ್ಟಪಟ್ಟು ಓದಿ, 1841ನೆಯ ಜೂನ್ 5ರಂದು ಅವರು ಗುರುದೀಕ್ಷೆ ಪಡೆದರು. ಆಗ ಟ್ಯೂರಿನ್ ನಗರವು ಬೆಳೆಯುತ್ತಿದ್ದ ಕಾಲ. ಹಳ್ಳಿಗಳಿಂದ ಗಾರೆ ಕೆಲಸಕ್ಕೆ ಬಂದ ಹುಡುಗರು ಬೀದಿಪಾಲಾಗಿ, ಕೊನೆಗೆ ಸೆರೆಮನೆ ಸೇರುತ್ತಿದ್ದರು. ಅದೇ ವರ್ಷದ ಡಿಸೆಂಬರ್ 8ರಂದು, ಬಲಿಪೂಜೆಗೆ ನೆರವಾಗಲು ಬಾರದೆಂಬ ಕಾರಣಕ್ಕೆ ದೇವಾಲಯದ ಸೇವಕನಿಂದ ಏಟು ತಿಂದು ಓಡಿದ ಬಾರ್ತಲೋಮಿಯೊ ಗರೆಲ್ಲಿ ಎಂಬ ಅನಾಥ ಯುವಕನನ್ನು ಅವರು ಮರಳಿ ಕರೆಸಿ, ಪ್ರೀತಿಯಿಂದ ಮಾತನಾಡಿಸಿ, ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದರು. ಅವರ ಮಹತ್ಕಾರ್ಯ ಆರಂಭವಾದುದು ಹೀಗೆ.

ಹುಡುಗರ ಗದ್ದಲವನ್ನು ಸಹಿಸದ ನೆರೆಹೊರೆಯವರಿಂದಾಗಿ ಅವರು ಸ್ಥಳದಿಂದ ಸ್ಥಳಕ್ಕೆ ಅಲೆಯಬೇಕಾಯಿತು. 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿ ಒಂದು ತಗ್ಗಾದ ಕೊಟ್ಟಿಗೆ ದೊರೆಯಿತು. ಮರು ಬೇಸಿಗೆಯಲ್ಲಿಯೇ ಅವರು ಅತಿಶ್ರಮದಿಂದ ಸಾವಿನಂಚು ತಲುಪಿದಾಗ, ದಿನವಿಡೀ ದುಡಿದು ದಣಿದ ಹುಡುಗರು ಉಪವಾಸವಿದ್ದು ಪ್ರಾರ್ಥಿಸಿದರು. ಚೇತರಿಸಿಕೊಂಡ ಅವರೊಡನೆ ನವೆಂಬರ್ ತಿಂಗಳಲ್ಲಿ ವೃದ್ಧ ತಾಯಿಯೂ ಬಂದು ನೆಲೆಸಿ, ಆ ಮಕ್ಕಳಿಗೆಲ್ಲ ತಾಯಾದರು.

1855ರಲ್ಲಿ ನಡೆದ ಸಂಗತಿಯೊಂದನ್ನು ಅವರ ಜೀವನಚರಿತ್ರೆಗಳು ವಿಶೇಷವಾಗಿ ಸ್ಮರಿಸುತ್ತವೆ. ಬಾಲಾಪರಾಧಿಗಳ ಸೆರೆಮನೆಯಲ್ಲಿದ್ದ ಸುಮಾರು 300 ಹುಡುಗರನ್ನು ಒಂದು ದಿನ ಹೊರಸಂಚಾರಕ್ಕೆ ಕರೆದೊಯ್ಯಲು ಅವರು ಮಂತ್ರಿ ರತ್ತಾಜಿಯವರ ಅನುಮತಿ ಪಡೆದರು; ಕಾವಲುಗಾರರು ಬೇಡವೆಂದರು. ಒಬ್ಬ ಹುಡುಗ ತಪ್ಪಿಸಿಕೊಂಡಿದ್ದರೂ ಅವರ ಕಾರ್ಯಕ್ಕೆಲ್ಲ ಕಳಂಕ ತಟ್ಟುತ್ತಿತ್ತು. ಆದರೆ ಸಂಜೆ ಒಬ್ಬನೂ ತಪ್ಪದೆ ಎಲ್ಲರೂ ಹಿಂದಿರುಗಿದರು. ದಣಿದಿದ್ದ ಗುರುಗಳನ್ನು, ಬುತ್ತಿ ಹೊತ್ತು ತಂದಿದ್ದ ಕತ್ತೆಯ ಮೇಲೆ ಕೂರಿಸಿಕೊಂಡು ಬಂದರು.

ತಮ್ಮ ಆಶ್ರಯದಲ್ಲಿದ್ದ ಬಾಲಕರನ್ನು ಶರತ್ಕಾಲದ ರಜೆಯಲ್ಲಿ ಅವರು ಹುಟ್ಟೂರಿಗೂ, ಮುಂದೆ 1864ರವರೆಗೆ ಮೊನ್‌ಫೆರ್ರಾತೊ ಬೆಟ್ಟಸೀಮೆಯ ಊರೂರುಗಳಿಗೂ ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತಿದ್ದರು. ಹೋದೆಡೆಯಲ್ಲೆಲ್ಲ ಬ್ಯಾಂಡು ವಾದ್ಯ, ನಾಟಕ, ಪೂಜೆ, ಪಾಪನಿವೇದನೆಗಳು ನಡೆಯುತ್ತಿದ್ದವು. ಇಂದಿನ ಶಿಬಿರಗಳ ಲಕ್ಷಣಗಳೆಲ್ಲ ಅಲ್ಲಿದ್ದವು. 1864ರ ಇಂತಹ ಯಾತ್ರೆಯಲ್ಲಿಯೇ ಮೊರ್ನೇಸೆ ಗ್ರಾಮದಲ್ಲಿ ಮರಿಯ ಮಝರೆಲ್ಲೊ ಎಂಬ ಯುವತಿಯ ಪರಿಚಯವಾಯಿತು. ಮುಂದೆ 1872ರಲ್ಲಿ ಅವರಿಬ್ಬರಿಂದ ಬಾಲಕಿಯರ ಸೇವೆಗಾಗಿ ಕನ್ಯಾಸ್ತ್ರೀಯರ ಸಭೆ ಸ್ಥಾಪನೆಯಾಯಿತು.

1859ರಲ್ಲಿ ಸಲೇಸಿಯನ್ ಸಭೆಯನ್ನು ಸ್ಥಾಪಿಸಿದ ಡಾನ್ ಬೋಸ್ಕೊರವರು 1888ನೆಯ ಜನವರಿ 31ರಂದು ದೈವಾಧೀನರಾದರು. 1934ರ ಪಾಸ್ಖ ಹಬ್ಬದಂದು ಅವರಿಗೆ ಸಂತ ಪದವಿ ಲಭಿಸಿತು. 1906ರಲ್ಲಿ ತಂಜಾವೂರಿಗೆ ಆಗಮಿಸಿದ ಅವರ ಶಿಷ್ಯರು ಭಾರತದಲ್ಲಿ ಹರಡಿ, ನಮ್ಮ ಜಿಲ್ಲಾ ಕೇಂದ್ರವಾದ ಚಿತ್ರದುರ್ಗದಲ್ಲಿಯೂ ಸೇವಾನಿರತರಾಗಿದ್ದಾರೆ.

ಹಿರಿಯೂರು ಸೀಮೆಯ ಮಕ್ಕಳನ್ನು ಮಾರಿಕಣಿವೆಯ ದಡಕ್ಕೋ ದುರ್ಗದ ಕೋಟೆಗೋ ಕರೆದೊಯ್ಯುವ ಹಿರಿಯರು ಈ ಸಂತರನ್ನು ನೆನೆಯುವುದು ಉಚಿತ. ಶುಲ್ಕ ತೆರಲಾರದ ಕೂಲಿಕಾರರ ಮಗನಿಗೂ, ಶಾಲೆ ಬಿಟ್ಟ ಹುಡುಗನಿಗೂ, ತುಂಟನೆಂದು ಹೆಸರಾದವನಿಗೂ ಶಿಬಿರದಲ್ಲಿ ಸ್ಥಳವಿರಬೇಕು. ಏಕೆಂದರೆ ಗರೆಲ್ಲಿಯನ್ನು ಮರಳಿ ಕರೆಸಿದವರು ಹುಡುಕಿದ್ದು ಅಂಥವರನ್ನೇ. ಸಂತ ಜಾನ್ ಬೋಸ್ಕೊರವರ ಮಧ್ಯಸ್ಥಿಕೆಯ ಮೂಲಕ ನಮ್ಮ ಯುವಜನರು ಹರ್ಷದಿಂದಲೂ ಸದ್ಭಕ್ತಿಯಿಂದಲೂ ಬೆಳೆಯಲೆಂದು ಪ್ರಾರ್ಥಿಸೋಣ.