ನಕ್ಷತ್ರಗಳ ದೂರವನ್ನು ಅಳೆದ ವೈನು ಬಾಪು

ಬೀದರಿನ ಕೋಟೆಯ ಬುರುಜಿನ ಮೇಲೆ ನಿಂತು ರಾತ್ರಿಯ ವೇಳೆ ತಗ್ಗಿನ ಊರುಗಳತ್ತ ನೋಡಿದರೆ ಅಲ್ಲಲ್ಲಿ ದೀಪಗಳು ಮಿನುಗುವುದು ಕಾಣುತ್ತದೆ. ಮಂಕಾಗಿ ತೋರುವ ಒಂದು ದೀಪವು ಹತ್ತಿರದ ಹೊಲದ ಕಂದೀಲಾಗಿರಬಹುದು. ಬಹುದೂರದ ಬೀದಿಯ ದೊಡ್ಡ ದೀಪವೂ ಆಗಿರಬಹುದು. ಬರಿಗಣ್ಣಿನಿಂದ ಇದನ್ನು ನಿರ್ಧರಿಸುವುದು ಸಾಧ್ಯವಿಲ್ಲ. ದೀಪದ ನಿಜವಾದ ಕಾಂತಿ ಎಷ್ಟೆಂಬುದು ಗೊತ್ತಿದ್ದರೆ ಮಾತ್ರ, ಅದು ನಮಗೆ ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ಅದರ ದೂರವನ್ನು ಲೆಕ್ಕ ಹಾಕಬಹುದು. ನಕ್ಷತ್ರಗಳ ವಿಷಯದಲ್ಲಿಯೂ ಇದೇ ತೊಡಕು. ಈ ತೊಡಕನ್ನು ಬಿಡಿಸುವ ಒಂದು ಸರಳ ಸೂತ್ರವನ್ನು ಜಗತ್ತಿಗೆ ಕೊಟ್ಟವರಲ್ಲಿ ಭಾರತದ ಖಗೋಳ ವಿಜ್ಞಾನಿ ವೈನು ಬಾಪು ಒಬ್ಬರು.

ಮನಾಲಿ ಕಲ್ಲಾಟ್ ವೈನು ಬಾಪು ಅವರು 1927ನೆಯ ಇಸವಿ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ಅವರ ಮನೆತನದ ಮೂಲ ಕೇರಳದ ತಲಶ್ಶೇರಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಬೀದರ್, ಭಾಲ್ಕಿ, ಔರಾದ್‌ಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದವು. ಆದುದರಿಂದ ನಿಜಾಮಿಯಾ ವೀಕ್ಷಣಾಲಯವು ಆ ಕಾಲದಲ್ಲಿ ಈ ಸೀಮೆಯ ಜನರಿಗೂ ತಮ್ಮ ನಾಡಿನ ವೀಕ್ಷಣಾಲಯವೇ ಆಗಿತ್ತು. ಆಕಾಶದ ಒಂದು ಪಟ್ಟಿಯನ್ನು ಪಾಲಿಗೆ ಪಡೆದು, ಅಲ್ಲಿನ ಲಕ್ಷಾಂತರ ನಕ್ಷತ್ರಗಳ ಸ್ಥಾನಗಳನ್ನು ಅಳೆದು ದಾಖಲಿಸುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಅದು ಪಾಲುಗೊಂಡಿತ್ತು. ಇಂತಹ ವಾತಾವರಣದಲ್ಲಿ ಬೆಳೆದ ಬಾಲಕನಿಗೆ ದೂರದರ್ಶಕವು ಮನೆಯ ವಸ್ತುವಿನಷ್ಟೇ ಪರಿಚಿತವಾಯಿತು. ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಕಾಂತಿ ಬದಲಾಗುವ ನಕ್ಷತ್ರಗಳನ್ನು ವೀಕ್ಷಿಸಿ ವಿಜ್ಞಾನ ಪತ್ರಿಕೆಗಳಿಗೆ ಲೇಖನಗಳನ್ನು ಬರೆದರು.

ಹೈದರಾಬಾದು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು 1949ರಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಆ ವರ್ಷದ ಜುಲೈ ತಿಂಗಳಲ್ಲಿಯೇ, ಆಕಾಶದ ಛಾಯಾಚಿತ್ರ ಫಲಕವೊಂದರಲ್ಲಿ ಹೊಸ ಧೂಮಕೇತುವೊಂದು ಅವರ ಕಣ್ಣಿಗೆ ಬಿದ್ದಿತು. ಅದಕ್ಕೆ ಅವರ ಮತ್ತು ಇಬ್ಬರು ಸಹೋದ್ಯೋಗಿಗಳ ಹೆಸರು ಸೇರಿ ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ನಾಮಕರಣವಾಯಿತು. 1952ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದ ಬಳಿಕ ಅವರು ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ಹೋದರು. ಅವರ ಹೆಸರನ್ನು ಚಿರಸ್ಥಾಯಿಯಾಗಿಸಿದ ಕಾರ್ಯ ನಡೆದದ್ದು ಅಲ್ಲಿ, ಓಲಿನ್ ವಿಲ್ಸನ್ ಎಂಬ ಹಿರಿಯ ವಿಜ್ಞಾನಿಯ ಜೊತೆಯಲ್ಲಿ.

ನಕ್ಷತ್ರದ ಬೆಳಕನ್ನು ರೋಹಿತದರ್ಶಕದ ಮೂಲಕ ಹಾಯಿಸಿದಾಗ ಕಾಮನಬಿಲ್ಲಿನಂತಹ ಬಣ್ಣದ ಪಟ್ಟಿ ಮೂಡುತ್ತದೆ. ಅದರ ಮೇಲೆ ಅನೇಕ ಕಪ್ಪು ಗೆರೆಗಳಿರುತ್ತವೆ. ನೇರಳೆಯ ಅಂಚಿನಲ್ಲಿರುವ ಅಗಲವಾದ ಎರಡು ಗೆರೆಗಳು ಕ್ಯಾಲ್ಸಿಯಂ ಧಾತುವಿನಿಂದ ಆದವು. ತಂಪಾದ ಹಳದಿ ಮತ್ತು ಕೆಂಪು ನಕ್ಷತ್ರಗಳಲ್ಲಿ ಈ ಕಪ್ಪು ಗೆರೆಯ ನಡುವೆ ಒಂದು ಸಣ್ಣ ಬೆಳಕಿನ ಗೆರೆ ಕಾಣಿಸಿಕೊಳ್ಳುತ್ತದೆ. ವಿಲ್ಸನ್ ಮತ್ತು ಬಾಪು 185 ನಕ್ಷತ್ರಗಳಲ್ಲಿ ಈ ಬೆಳಕಿನ ಗೆರೆಯ ಅಗಲವನ್ನು ಅಳೆದರು. ಅಗಲದ ಲಘುಗಣಕವನ್ನು ನಕ್ಷೆಯ ಒಂದು ಅಕ್ಷದಲ್ಲಿಯೂ ನಕ್ಷತ್ರದ ನಿಜವಾದ ಕಾಂತಿಮಾನವನ್ನು ಇನ್ನೊಂದು ಅಕ್ಷದಲ್ಲಿಯೂ ಗುರುತಿಸಿದಾಗ ಆಶ್ಚರ್ಯವೊಂದು ಕಾದಿತ್ತು. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗದೆ ಒಂದು ಸರಳರೇಖೆಯ ಅಕ್ಕಪಕ್ಕದಲ್ಲಿ ಸಾಲಾಗಿ ನಿಂತವು. ಗೆರೆಯು ಎರಡು ಪಟ್ಟು ಅಗಲವಾದರೆ ನಕ್ಷತ್ರದ ಕಾಂತಿ ಸುಮಾರು 64 ಪಟ್ಟು ಹೆಚ್ಚುತ್ತದೆ. ಹತ್ತು ಪಟ್ಟು ಅಗಲವಾದರೆ ಕಾಂತಿ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚುತ್ತದೆ. ಗೆರೆ ಎಷ್ಟು ಪ್ರಕಾಶಮಾನವಾಗಿದೆ ಎಂಬುದಾಗಲಿ, ನಕ್ಷತ್ರದ ಬಣ್ಣ ಯಾವುದೆಂಬುದಾಗಲಿ ಈ ಸಂಬಂಧವನ್ನು ಕೆಡಿಸಲಿಲ್ಲ. 1957ರಲ್ಲಿ ಪ್ರಕಟವಾದ ಈ ಶೋಧನೆಗೆ ವಿಲ್ಸನ್–ಬಾಪು ಪರಿಣಾಮ ಎಂಬ ಹೆಸರು ನಿಂತಿತು.

ಇದರ ಪ್ರಯೋಜನ ಬಹು ದೊಡ್ಡದು. ನಮ್ಮ ರೈತರು ಮಳೆಗಳ ಹೆಸರಿನಿಂದ ಬಲ್ಲ ರೋಹಿಣಿ, ಸ್ವಾತಿಗಳು ಇಂತಹ ತಂಪಾದ ನಕ್ಷತ್ರಗಳೇ. ಅಂತಹ ಒಂದು ನಕ್ಷತ್ರದ ಗೆರೆಯ ಅಗಲವನ್ನು ಅಳೆದರೆ ಸರಳರೇಖೆಯಿಂದ ಅದರ ನಿಜವಾದ ಕಾಂತಿ ತಿಳಿಯುತ್ತದೆ. ಕಾಂತಿ ತಿಳಿದ ಮೇಲೆ ದೂರವೂ ತಿಳಿಯುತ್ತದೆ.

ಚುಕ್ಕಿಗಳ ನಡುವೆ ರೇಖೆ ಎಳೆಯುವುದು ಸುಲಭದ ಕೆಲಸವೆಂದು ತೋರಬಹುದು. ಆದರೆ ಪ್ರತಿಯೊಂದು ಅಳತೆಯಲ್ಲಿಯೂ ಅಷ್ಟಿಷ್ಟು ತಪ್ಪು ಇದ್ದೇ ಇರುತ್ತದೆ. ಆದುದರಿಂದ ರೇಖೆಯು ಎಲ್ಲ ಚುಕ್ಕಿಗಳ ಮೂಲಕ ಹಾಯುವುದಿಲ್ಲ. ಪ್ರತಿ ಚುಕ್ಕಿಯೂ ರೇಖೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದನ್ನು ಅಳೆದು, ಆ ಅಂತರಗಳ ವರ್ಗಗಳನ್ನು ಕೂಡಿಸಿ, ಮೊತ್ತವು ಅತ್ಯಂತ ಕಡಿಮೆಯಾಗುವ ರೇಖೆಯನ್ನು ಆರಿಸಬೇಕು. ರೇಖೆಯ ಇಳಿಜಾರು ಮತ್ತು ಅದು ಅಕ್ಷವನ್ನು ಕಡಿಯುವ ಬಿಂದು ಎಂಬ ಎರಡು ಸಂಖ್ಯೆಗಳು ದೊರೆತರೆ ಲೆಕ್ಕ ಮುಗಿಯಿತು. ಇಂದು ಗಣಕಯಂತ್ರಕ್ಕೆ ಕೆಲವೇ ಸಾಲುಗಳ ಕ್ರಮವಿಧಿಯನ್ನು ಬರೆದುಕೊಟ್ಟರೆ ಅದು ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತದೆ. ಆದರೆ ಅಳತೆಯೇ ಸರಿಯಿಲ್ಲದಿದ್ದರೆ ಯಾವ ಯಂತ್ರವೂ ಸತ್ಯವನ್ನು ಹೇಳಲಾರದು. ಬಾಪು ಅವರ ಹಿರಿಮೆ ಇರುವುದು ಆ ಅಳತೆಯ ಪ್ರಾಮಾಣಿಕತೆಯಲ್ಲಿ.

ವಿದೇಶದಲ್ಲಿ ಅವರಿಗೆ ಜಗತ್ತಿನ ಅತ್ಯುತ್ತಮ ದೂರದರ್ಶಕಗಳು ದೊರೆಯುತ್ತಿದ್ದವು. ಭಾರತದಲ್ಲಿ ಅಂತಹ ಸಾಧನ ಒಂದೂ ಇರಲಿಲ್ಲ. ಆದರೂ ಅವರು 1953ರಲ್ಲಿ ಸ್ವದೇಶಕ್ಕೆ ಮರಳಿದರು. ಉತ್ತರ ಪ್ರದೇಶದ ವೀಕ್ಷಣಾಲಯದ ಹೊಣೆಯನ್ನು ಹೊತ್ತು, 1955ರಲ್ಲಿ ಅದನ್ನು ವಾರಾಣಸಿಯಿಂದ ಬೆಟ್ಟದ ಊರಾದ ನೈನಿತಾಲಿಗೆ ಸಾಗಿಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ನಿರ್ಮಲವಾದ ಆಕಾಶವನ್ನು ಅರಸುತ್ತ ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರನ್ನು ಆರಿಸಿದರು. ಅಲ್ಲಿ ಮೊದಲು ನಿಂತದ್ದು ಕೊಡೈಕೆನಾಲಿನಲ್ಲಿಯೇ ತಯಾರಾದ 38 ಸೆಂಟಿಮೀಟರ್ ದೂರದರ್ಶಕ. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಉಂಗುರಗಳ ಇರವನ್ನು ತೋರಿಸಿಕೊಟ್ಟ ವೀಕ್ಷಣೆಗಳಲ್ಲಿ ಕಾವಲೂರಿನ ಪಾಲೂ ಇತ್ತು.

ಅವರ ನಿರ್ದೇಶನದಲ್ಲಿ ಭಾರತೀಯ ಖಭೌತ ಸಂಸ್ಥೆ 1971ರಲ್ಲಿ ಸ್ವಾಯತ್ತವಾಗಿ ರೂಪುಗೊಂಡಿತು. 1975ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದಾಗ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕದಲ್ಲಿಯೇ ಶಿಬಿರ ಹೂಡಿ ಅಧ್ಯಯನ ನಡೆಸಿದರು. 1979ರಲ್ಲಿ ಬಾಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. 1981ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು.

ದೊಡ್ಡ ದೂರದರ್ಶಕವೊಂದನ್ನು ವಿದೇಶದಿಂದ ಕೊಳ್ಳದೆ ನಮ್ಮವರೇ ನಿರ್ಮಿಸಬೇಕೆಂಬುದು ಅವರ ಹೆಬ್ಬಯಕೆಯಾಗಿತ್ತು. 2.34 ಮೀಟರ್ ವ್ಯಾಸದ ಕನ್ನಡಿಯನ್ನು ಉಜ್ಜಿ ನಯಗೊಳಿಸುವ ಕಾರ್ಯ ಬೆಂಗಳೂರಿನಲ್ಲಿ ನಡೆಯಿತು. ಆದರೆ ಆ ಕನಸು ನನಸಾಗುವುದನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ 1982ರ ಆಗಸ್ಟ್ 19ರಂದು ಅವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಿಧನರಾದರು. ಆಗ ಅವರಿಗೆ ಐವತ್ತೈದು ವರ್ಷ. 1986ರ ಜನವರಿ 6ರಂದು ಕಾವಲೂರಿನಲ್ಲಿ ಆ ದೂರದರ್ಶಕದ ಉದ್ಘಾಟನೆಯಾಯಿತು. ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಬಾಪು ಅವರ ಹೆಸರನ್ನೇ ಇಡಲಾಯಿತು.

ಚುಕ್ಕಿಗಳಿಗೆ ಸರಳರೇಖೆಯನ್ನು ಹೊಂದಿಸುವ ವಿಧಾನ ಬಾಪು ಅವರ ನಂತರವೂ ವಿಶ್ವದ ಅಳತೆಗೆ ನೆರವಾಯಿತು. ಸಿಡಿದು ಬೆಳಗುವ ಸೂಪರ್‌ನೋವಾಗಳಲ್ಲಿ ಒಂದು ಬಗೆಯವು ಹೆಚ್ಚುಕಡಿಮೆ ಒಂದೇ ಕಾಂತಿಯವು. ಅವು ನಮಗೆ ಕಾಣುವ ಕಾಂತಿಮಾನವನ್ನೂ ಅವು ಇರುವ ಗೆಲಾಕ್ಸಿಗಳು ದೂರ ಸರಿಯುವ ವೇಗದ ಲಘುಗಣಕವನ್ನೂ ನಕ್ಷೆಯಲ್ಲಿ ಗುರುತಿಸಿದರೆ ಹತ್ತಿರದವು ಒಂದು ಸರಳರೇಖೆಯ ಮೇಲೆ ನಿಲ್ಲುತ್ತವೆ. 1998ರಲ್ಲಿ ಎರಡು ತಂಡಗಳು ಬಹುದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿರುವುದನ್ನು ಕಂಡವು. ಆ ಚುಕ್ಕಿಗಳನ್ನು ತಪ್ಪೆಂದು ತಳ್ಳಿಹಾಕದೆ ಪರಿಶೀಲಿಸಿದುದರಿಂದ, ವಿಶ್ವದ ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆ ಎಂಬ ಸತ್ಯ ಹೊರಬಿದ್ದಿತು. ರೇಖೆಯು ನಿಯಮವನ್ನು ತಿಳಿಸಿದರೆ, ರೇಖೆಯಿಂದ ಸರಿದ ಚುಕ್ಕಿ ಹೊಸ ಸಂಗತಿಯನ್ನು ತಿಳಿಸುತ್ತದೆ. ಇವೆರಡನ್ನೂ ಗುರುತಿಸಬಲ್ಲ ತಾಳ್ಮೆ, ಮತ್ತು ಕಲಿತ ವಿದ್ಯೆಯನ್ನು ತನ್ನ ನಾಡಿನಲ್ಲಿ ಬೇರೂರಿಸುವ ಛಲ, ಇವು ವೈನು ಬಾಪು ಅವರ ಬಾಳಿನಿಂದ ನಾವು ಕಲಿಯಬೇಕಾದ ಪಾಠಗಳು.