ಸರಿಯಾದ ಕೊಳಗಕ್ಕಾಗಿ: ಶಾಂತವೇರಿ ಗೋಪಾಲಗೌಡರ ಬಾಳು

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಧರ್ಮಾಧ್ಯಕ್ಷರನ್ನೂ, ಇಲ್ಲಿ ದುಡಿದ ಗುರುಗಳನ್ನೂ, ಕನ್ಯಾಸ್ತ್ರೀಯರನ್ನೂ, ಹಿರಿಯ ವಿಶ್ವಾಸಿಗಳನ್ನೂ ಸ್ಮರಿಸುವುದು ನಮ್ಮ ಕರ್ತವ್ಯ. ಈ ಸಂಚಿಕೆಯ ಬಹುಪಾಲು ಪುಟಗಳು ಆ ಋಣವನ್ನು ತೀರಿಸಲು ಮೀಸಲಾಗಿವೆ. ಆದರೆ ನಮಗೆ ಇನ್ನೊಂದು ಋಣವೂ ಇದೆ. ನಾವು ಉಂಡ ಅನ್ನ ಬೆಳೆದದ್ದು ಈ ಮಲೆನಾಡಿನ ಮಣ್ಣಿನಲ್ಲಿ; ನಮ್ಮ ಗದ್ದೆಯ ನಾಟಿಗೂ ಕೊಯ್ಲಿಗೂ ಬಂದು ಕೈಗೂಡಿಸಿದವರು ಈ ನೆಲದ ನೆರೆಹೊರೆಯವರು. ಆ ನೆರೆಹೊರೆಯವರಲ್ಲಿ ಒಬ್ಬರಾದ ಶಾಂತವೇರಿ ಗೋಪಾಲಗೌಡರ ಬಾಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇವೆ.

ಗೌಡರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಸಮಾಜವಾದಿಯೆಂದು ಹೆಸರಾದವರು. ಅವರ ಚರಿತ್ರೆ ದೇವಾಲಯದ ಸಂಚಿಕೆಯಲ್ಲಿ ಏಕೆಂದು ಕೆಲವರಾದರೂ ಕೇಳಬಹುದು. ನೆರೆಯವನು ಯಾರೆಂಬ ಪ್ರಶ್ನೆ ಬಂದಾಗ ಪ್ರಭು ಯೇಸುಕ್ರಿಸ್ತರು ಸಾಮತಿಗೆ ಆರಿಸಿಕೊಂಡದ್ದು ದೇವಾಲಯದ ಯಾಜಕನನ್ನಲ್ಲ, ಲೇವಿಯನನ್ನೂ ಅಲ್ಲ. ಹೊರಗಿನವನೆಂದು ಎಣಿಸಲ್ಪಟ್ಟಿದ್ದ ಸಮಾರಿಯದವನನ್ನು. ಆದುದರಿಂದ ನಾವು ಸಂಕೋಚಪಡಬೇಕಾಗಿಲ್ಲ.

ಹುಟ್ಟು ಮತ್ತು ಎಳವೆ

ಗೋಪಾಲಗೌಡರು ಹುಟ್ಟಿದ್ದು 1923ನೆಯ ಇಸವಿ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅನುಕೂಲವಿಲ್ಲದ ಒಂದು ಕುಟುಂಬದಲ್ಲಿ. ಶಾಂತವೇರಿಯೆಂಬ ಊರಿನ ಹೆಸರು ಅವರ ಹೆಸರಿನೊಡನೆ ಸೇರಿ ಕರ್ನಾಟಕದಲ್ಲೆಲ್ಲ ಪ್ರಸಿದ್ಧವಾಯಿತು. ವಿದ್ಯೆಯ ಹಂಬಲವಿದ್ದ ಹುಡುಗನಿಗೆ ದಾರಿ ಸುಗಮವಾಗಿರಲಿಲ್ಲ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಕರೆ ಬಂದಾಗ ಅವರಿನ್ನೂ ವಿದ್ಯಾರ್ಥಿ. ಆ ಕರೆಗೆ ಓಗೊಟ್ಟು ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪಕ್ಷವನ್ನು ಸೇರಿ ಸುಖವಾಗಿ ಇರಬಹುದಿತ್ತು. ಅವರು ಹಾಗೆ ಮಾಡದೆ ಜಯಪ್ರಕಾಶ ನಾರಾಯಣ ಮತ್ತು ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ಪಕ್ಷವನ್ನು ಸೇರಿ ಹಳ್ಳಿಹಳ್ಳಿ ಸುತ್ತತೊಡಗಿದರು.

ಅವರು ಸುತ್ತಿದ ಹಳ್ಳಿಗಳ ಅಂದಿನ ಸ್ಥಿತಿಯನ್ನು ಇಂದಿನ ತರುಣರು ಊಹಿಸುವುದು ಕಷ್ಟ. ಗದ್ದೆ ಒಬ್ಬರದು, ಬೆವರು ಇನ್ನೊಬ್ಬರದು. ಗೇಣಿದಾರನು ಮಳೆಯಲ್ಲಿ ನೆನೆದು, ಕೆಸರಿನಲ್ಲಿ ನಿಂತು ಬೆಳೆದ ಭತ್ತವನ್ನು ಕಣದಲ್ಲಿ ಒಕ್ಕಿ ರಾಶಿ ಮಾಡಿದ ಬಳಿಕ ಒಡೆಯರ ಕಡೆಯವರು ಬಂದು ಗೇಣಿಯನ್ನು ಅಳೆದುಕೊಳ್ಳುತ್ತಿದ್ದರು. ಅಳೆದು ಕೊಟ್ಟದ್ದಕ್ಕೆ ರಶೀದಿ ಇಲ್ಲ. ಸಾಗುವಳಿಗೆ ಭದ್ರತೆ ಇಲ್ಲ. ಗೇಣಿಯ ಮೇಲೆ ಬಿಟ್ಟಿ ಚಾಕರಿ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಅಳೆಯುವ ಕೊಳಗವೇ ಸರಿಯಾದದ್ದಲ್ಲ. ನ್ಯಾಯವಾದ ಅಳತೆಗಿಂತ ದೊಡ್ಡದು. ಒಂದೊಂದು ಕೊಳಗದಲ್ಲಿ ಹೋಗುತ್ತಿದ್ದ ಹೆಚ್ಚುವರಿ ಕಾಳು ನೋಡುವವರಿಗೆ ಅಲ್ಪ. ಆದರೆ ರಾಶಿಯೆಲ್ಲ ಅಳೆದು ಮುಗಿಯುವಷ್ಟರಲ್ಲಿ ಮುಂದಿನ ಆಷಾಢಕ್ಕೆ ಮಕ್ಕಳ ಗಂಜಿಗೆಂದು ಉಳಿಯಬೇಕಾದದ್ದು ಹೊರಟುಹೋಗಿರುತ್ತಿತ್ತು.

ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸ ಸಂಗತಿಯಲ್ಲ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನೂ ಮನೆಯಲ್ಲಿ ಎರಡು ಬಗೆಯ ಅಳತೆಗಳನ್ನೂ ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತ್ತು. ಸಬ್ಬತ್ ದಿನ ಯಾವಾಗ ಮುಗಿದೀತು, ಕಳ್ಳ ಅಳತೆಯಿಂದ ಧಾನ್ಯ ಮಾರುವುದು ಯಾವಾಗ ಎಂದು ಕಾತರಿಸುತ್ತಿದ್ದ ವರ್ತಕರನ್ನು ಪ್ರವಾದಿ ಆಮೋಸನು ಖಂಡಿಸಿದ್ದನು. ಅಂದರೆ ಭತ್ತದ ಕೊಳಗವು ದೇವರ ಗಮನಕ್ಕೆ ಬಾರದಷ್ಟು ಸಣ್ಣ ವಸ್ತುವಲ್ಲ.

ಕಾಗೋಡಿನ ಸತ್ಯಾಗ್ರಹ

ವರದಾ ನದಿಯು ಸಾಗರದ ಸಮೀಪದ ವರದಮೂಲದಲ್ಲಿ ಹುಟ್ಟಿ ಬಹುದೂರ ಹರಿದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹುಟ್ಟುವಲ್ಲಿ ಅದು ಸಣ್ಣ ನೀರು. ಇದೇ ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ ಮೊದಲಾದ ಒಂದು ಸಣ್ಣ ತಕರಾರು ಸಹ ಮುಂದೆ ನಾಡಿನ ಕಾನೂನನ್ನೇ ಬದಲಿಸುವಷ್ಟು ದೂರ ಹರಿಯಿತು.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅವರನ್ನು ಮೊದಲು ಒಂದುಗೂಡಿಸಿದ ಕೀರ್ತಿ ಎಚ್. ಗಣಪತಿಯಪ್ಪನವರಿಗೆ ಸಲ್ಲಬೇಕು. ಅವರು ಸ್ವಾತಂತ್ರ್ಯ ಬಂದ ಹೊಸದರಲ್ಲೇ ರೈತ ಸಂಘವನ್ನು ಕಟ್ಟಿ ಮನೆಮನೆಗೆ ತಿರುಗಿದರು. ಒಬ್ಬೊಬ್ಬನೇ ಹೋಗಿ ಒಡೆಯರ ಮುಂದೆ ಕೈಮುಗಿದು ನಿಂತರೆ ಕೊಳಗ ಚಿಕ್ಕದಾಗುವುದಿಲ್ಲ, ಎಲ್ಲರೂ ಸೇರಿ ದೊಡ್ಡ ಕೊಳಗಕ್ಕೆ ಅಳೆಯುವುದಿಲ್ಲವೆಂದು ನಿಂತರೆ ಮಾತ್ರ ನ್ಯಾಯ ಸಿಕ್ಕೀತು ಎಂಬ ತಿಳಿವಳಿಕೆ ನಿಧಾನವಾಗಿ ಬೇರೂರಿತು. ಗೇಣಿದಾರರು ಸರಿಯಾದ ಕೊಳಗವನ್ನೂ ಕೊಟ್ಟ ಗೇಣಿಗೆ ರಶೀದಿಯನ್ನೂ ಕೇಳಿದರು. ತಲೆತಲಾಂತರದಿಂದ ಉತ್ತಿದ್ದ ಗದ್ದೆಗಳಿಗೆ ಇಳಿಯಬಾರದೆಂಬ ತಡೆ ಅವರಿಗೆ ಬಂದಿತು.

1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ಅದರ ಕ್ರಮ ಸರಳ: ತಂಡತಂಡವಾಗಿ ಗದ್ದೆಗೆ ಇಳಿಯುವುದು, ನೇಗಿಲು ಹೂಡುವುದು, ಪೊಲೀಸರು ಬಂದರೆ ಎದುರು ಕೈಯೆತ್ತದೆ ಬಂಧನಕ್ಕೆ ಒಳಗಾಗುವುದು. ಒಂದು ತಂಡ ಸೆರೆಮನೆಗೆ ಹೋದರೆ ಮತ್ತೊಂದು ತಂಡ ಗದ್ದೆಗೆ. ಹೆಂಗಸರೂ ಹಿಂದುಳಿಯಲಿಲ್ಲ. ಸಮಾಜವಾದಿ ಪಕ್ಷವು ರೈತರ ಬೆಂಬಲಕ್ಕೆ ನಿಂತಿತು. ಇಪ್ಪತ್ತೆಂಟು ವರ್ಷದ ತರುಣ ಗೋಪಾಲಗೌಡರು ಮುಂದಾಳಾಗಿ ನಿಂತು ತಾವೂ ಸೆರೆಮನೆ ಸೇರಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಡಾ. ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನೂ ಸಾಗರದಲ್ಲಿ ಬಂಧಿಸಲಾಯಿತು. ಆವರೆಗೆ ಹೊರಗಿನವರು ಹೆಸರು ಕೇಳಿರದಿದ್ದ ಕಾಗೋಡು ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗೌಡರು ಹೊರಗಿನಿಂದ ಹೋರಾಟವನ್ನು ಹೊತ್ತು ತಂದು ಆ ಜನರ ಮೇಲೆ ಇಳಿಸಲಿಲ್ಲ. ಮಲೆನಾಡಿನ ಬೇಸಾಯದಲ್ಲಿ ಮುಯ್ಯಾಳು ಎಂಬ ಪದ್ಧತಿ ಹಿಂದಿನಿಂದ ಇದೆ. ಇಂದು ನನ್ನ ಗದ್ದೆಯ ನಾಟಿಗೆ ನೀನು, ನಾಳೆ ನಿನ್ನ ಗದ್ದೆಯ ನಾಟಿಗೆ ನಾನು. ಅಲ್ಲಿ ಕೂಲಿಯ ಲೆಕ್ಕವಿಲ್ಲ, ಬರಹವಿಲ್ಲ, ನಂಬಿಕೆಯೊಂದೇ ಆಧಾರ. ಹೀಗೆ ಕೈಗೆ ಕೈ ಕೊಟ್ಟು ಬಾಳಿದವರಿಗೆ ಒಂದಾಗಿ ನಿಲ್ಲುವುದು ಪುಸ್ತಕದಿಂದ ಕಲಿಯಬೇಕಾದ ವಿದ್ಯೆಯಾಗಿರಲಿಲ್ಲ. ನಾಟಿಯ ಗದ್ದೆಯಲ್ಲಿದ್ದ ಆ ಮುಯ್ಯಿಯನ್ನು ನ್ಯಾಯದ ಹೋರಾಟಕ್ಕೂ ತಂದದ್ದು ಗಣಪತಿಯಪ್ಪನವರ ಮತ್ತು ಗೋಪಾಲಗೌಡರ ಹಿರಿಮೆ.

ಸತ್ಯಾಗ್ರಹ ಮುಗಿದ ಕೂಡಲೇ ರೈತರಿಗೆ ಭೂಮಿ ಸಿಗಲಿಲ್ಲ. ಲೌಕಿಕ ದೃಷ್ಟಿಯಿಂದ ಅದನ್ನು ಸೋಲು ಎಂದವರೂ ಇದ್ದರು. ಆದರೆ ಒಮ್ಮೆ ನೆಟ್ಟಗೆ ನಿಂತ ಬೆನ್ನು ಮತ್ತೆ ಹಿಂದಿನಂತೆ ಬಾಗಲಿಲ್ಲ.

ವಿಧಾನಸಭೆಯಲ್ಲಿ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಈ ಭಾಗದ ಜನರು ಗೋಪಾಲಗೌಡರನ್ನು ಮೈಸೂರು ವಿಧಾನಸಭೆಗೆ ಆರಿಸಿ ಕಳುಹಿಸಿದರು. ಅವರಲ್ಲಿ ಹಣವಿರಲಿಲ್ಲ. ಮತ ಕೊಡುವ ಬಡವರೇ ಚುನಾವಣೆಯ ಖರ್ಚಿಗೂ ಕೈಲಾದ ಕಾಸನ್ನು ಕೊಟ್ಟರು. ಮತಕ್ಕಾಗಿ ಹಣ ಹಂಚುವುದನ್ನು ಕಂಡಿರುವ ನಮ್ಮ ಕಾಲಕ್ಕೆ ಇದು ಕಟ್ಟುಕಥೆಯಂತೆ ತೋರಬಹುದು. ತನ್ನ ಗಂಟಿನಿಂದ ಒಂದು ರೂಪಾಯಿ ಬಿಚ್ಚಿ ಕೊಟ್ಟವನು ಆ ಪ್ರತಿನಿಧಿಯನ್ನು ತನ್ನವನೆಂದು ತಿಳಿಯುತ್ತಾನೆ. ತಪ್ಪಿದರೆ ಕೇಳುವ ಹಕ್ಕನ್ನೂ ಪಡೆಯುತ್ತಾನೆ.

1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ಮತ್ತೆ ಆರಿಸಿ ಬಂದರು. ಸದನದಲ್ಲಿ ಉಳುವವನಿಗೆ ಹೊಲ ಸಿಗಬೇಕೆಂದು ಬಿಡದೆ ವಾದಿಸಿದರು. ಆಡಳಿತವು ಜನರ ಭಾಷೆಯಾದ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕು ಎಂದು ಒತ್ತಾಯಿಸಿದರು. ಸಾಹಿತ್ಯದಲ್ಲೂ ಸಂಗೀತದಲ್ಲೂ ಅವರಿಗೆ ಆಳವಾದ ಅಭಿರುಚಿ. ಕವಿ ಗೋಪಾಲಕೃಷ್ಣ ಅಡಿಗರೂ ಯು.ಆರ್. ಅನಂತಮೂರ್ತಿಯವರೂ ಅವರ ಸ್ನೇಹಿತರು. ಅನಂತಮೂರ್ತಿಯವರು 1978ರಲ್ಲಿ ಪ್ರಕಟಿಸಿದ ಅವಸ್ಥೆ ಕಾದಂಬರಿಗೆ ಗೌಡರ ಬಾಳೇ ಪ್ರೇರಣೆಯೆಂಬುದು ಸಾಹಿತ್ಯಾಸಕ್ತರಿಗೆ ತಿಳಿದ ವಿಷಯ.

ಗೌಡರು ದೋಷಗಳಿಲ್ಲದ ಮನುಷ್ಯರೆಂದು ನಾವು ಹೇಳುವುದಿಲ್ಲ. ಸಿಟ್ಟು ಅವರ ದೊಡ್ಡ ಕೊರತೆ. ಸದನದಲ್ಲಿ ಅದು ಕೆಲವು ಸಲ ಮಿತಿ ಮೀರಿದ್ದುಂಟು. ಆದರೆ ಆ ಸಿಟ್ಟು ಸ್ವಂತ ಲಾಭಕ್ಕಾಗಿ ಎದ್ದದ್ದಲ್ಲ. ಮೂರು ಸಲ ಶಾಸಕರಾದವರು ತಮಗಾಗಿ ಆಸ್ತಿ ಮಾಡಿಕೊಳ್ಳಲಿಲ್ಲ. ಜನರಿಗೆ ಅಳೆದು ಕೊಡುವ ಸ್ಥಾನದಲ್ಲಿದ್ದಾಗ ತಮ್ಮ ಪಾಲಿಗೆ ದೊಡ್ಡ ಕೊಳಗವನ್ನು ಇಟ್ಟುಕೊಳ್ಳಲಿಲ್ಲ.

ಕೊನೆಯ ವರ್ಷಗಳಲ್ಲಿ ಕಾಯಿಲೆ ಅವರನ್ನು ಬಹಳವಾಗಿ ಪೀಡಿಸಿತು. ಪತ್ನಿ ಸೋನಕ್ಕನವರೂ ಸ್ನೇಹಿತರೂ ಅವರನ್ನು ನೋಡಿಕೊಂಡರು. 1972ನೆಯ ಇಸವಿ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಅವರು ಬಯಸಿದ್ದು ಕೈಗೂಡಿದ್ದು ಅನಂತರ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ದೇವರಾಜ ಅರಸರ ಸರಕಾರವು ತಂದ ಭೂಸುಧಾರಣೆ ತಿದ್ದುಪಡಿ ಕಾಯಿದೆಯು 1974ರ ಮಾರ್ಚ್ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಉಳುವವರು ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿ ಗದ್ದೆಯ ಒಡೆತನ ಪಡೆದರು. ಈ ಸೀಮೆಯ ಎಷ್ಟೋ ಕಥೋಲಿಕ ಮನೆಗಳ ಪಹಣಿಯಲ್ಲಿ ಇಂದು ಮನೆಯವರ ಹೆಸರೇ ಇರುವುದಕ್ಕೆ ಆ ಕಾಯಿದೆಯೇ ಕಾರಣ. ಕಾಗೋಡಿನ ಗದ್ದೆಯಲ್ಲಿ ಬಂಧನಕ್ಕೊಳಗಾದವರು ನಮ್ಮವರಿಗಾಗಿಯೂ ಬಂಧನಕ್ಕೊಳಗಾದರು.

ನಮಗೆ ಉಳಿದ ಪಾಠ

ಸೆಮಿನರಿಯಲ್ಲಿದ್ದಾಗ ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ ಹೊರಡಿಸಿದ ರೇರುಂ ನೊವಾರುಂ ವಿಶ್ವಪತ್ರವನ್ನು ನಾವು ಅಭ್ಯಾಸ ಮಾಡಿದ್ದೆವು. ದುಡಿಯುವವರು ತಮ್ಮ ಹಿತಕ್ಕಾಗಿ ಸಂಘಗಳನ್ನು ಕಟ್ಟಿಕೊಳ್ಳುವುದು ಮನುಷ್ಯನ ಸಹಜವಾದ ಹಕ್ಕೆಂದು ಅದು ಬೋಧಿಸುತ್ತದೆ. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದೆವು. ಆದರೆ ಬರೆಯುವುದು ಬೇರೆ, ನಡೆಯುವುದು ಬೇರೆ.

ಇದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ. ನಾವು ಎಳೆಯ ಗುರುಗಳಾಗಿದ್ದಾಗ, ಬೇರೊಂದು ಧರ್ಮಕೇಂದ್ರದಲ್ಲಿ, ಬಗರ್‌ಹುಕುಂ ಜಮೀನಿನ ಅರ್ಜಿಯ ಸಲುವಾಗಿ ನಾಲ್ಕೈದು ಮನೆಯವರು ಬಂದು ಕಚೇರಿಗೆ ತಮ್ಮೊಡನೆ ಬರಬೇಕೆಂದು ಬೇಡಿದರು. ಅವರಲ್ಲಿ ಇಬ್ಬರು ಮಾತ್ರ ನಮ್ಮ ವಿಶ್ವಾಸಿಗಳು. ಅದು ಗುರುಗಳ ಕೆಲಸವಲ್ಲವೆಂದು ಹೇಳಿ, ಪ್ರಾರ್ಥಿಸುವುದಾಗಿ ಮಾತುಕೊಟ್ಟು ಕಳುಹಿಸಿಬಿಟ್ಟೆವು. ಪ್ರಾರ್ಥಿಸಿದ್ದೂ ನಿಜ. ಅವರು ತಾವೇ ಒಗ್ಗಟ್ಟಾಗಿ ತಿರುಗಿ, ಅಕ್ಷರ ಬಲ್ಲವನು ಬಲ್ಲದವನಿಗೆ ಬರೆದುಕೊಟ್ಟು, ಒಬ್ಬರ ಬಸ್ಸಿನ ದುಡ್ಡನ್ನು ಇನ್ನೊಬ್ಬರು ಕೊಟ್ಟು ಅರ್ಜಿಗಳನ್ನು ಹಾಕಿದರು. ಗಾಯಗೊಂಡವನನ್ನು ಕಂಡೂ ಮಗ್ಗುಲಾಗಿ ಹಾದುಹೋದ ಯಾಜಕನ ಸಾಮತಿಯನ್ನು ಓದುವಾಗಲೆಲ್ಲ ಆ ದಿನ ನಮಗೆ ನೆನಪಾಗುತ್ತದೆ.

ಪ್ರಿಯ ವಿಶ್ವಾಸಿಗಳೇ, 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝಾನಾಂ ಎಂಬ ವಿದ್ಯಾರ್ಥಿಯು ಕೆಲವೇ ಗೆಳೆಯರೊಡನೆ ಸೇರಿ ಬಡವರ ಮನೆಗಳಿಗೆ ಹೋಗತೊಡಗಿದ್ದರಿಂದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಹುಟ್ಟಿತು. ಅಲ್ಲಿಯೂ ಮೂಲ ಸಣ್ಣದು. ಇಲ್ಲಿ ನಮ್ಮ ವಾರ್ಡುಗಳಿವೆ, ಗುರಿಕಾರರಿದ್ದಾರೆ, ಸ್ತ್ರೀ ಸಂಘಟನೆಯಿದೆ. ಹಬ್ಬದ ವಂತಿಗೆ ಎತ್ತಲು ಇವು ಚುರುಕಾಗಿ ನಡೆಯುತ್ತವೆ. ನೆರೆಮನೆಯವನ ಅಡಿಕೆ ತೋಟ ಕೊಳೆರೋಗಕ್ಕೆ ತುತ್ತಾದಾಗ, ಕೂಲಿ ಹೆಂಗಸಿಗೆ ಸಂಬಳ ಕಡಿಮೆ ಬಿದ್ದಾಗ, ಮುದುಕರ ಪಿಂಚಣಿ ನಿಂತಾಗ ಅಷ್ಟೇ ಚುರುಕಾಗಿ ನಡೆಯುತ್ತವೆಯೇ? ಆ ನೆರೆಮನೆಯವನು ಕ್ರೈಸ್ತನಲ್ಲದಿದ್ದರೆ? ಹಾಗೆಯೇ, ನಮ್ಮಲ್ಲಿ ಈಗ ತೋಟದ ಒಡೆಯರಾದವರು ಆಳುಗಳಿಗೆ ಅಳೆಯುವ ಕೊಳಗ ಎಂಥದು? ಈ ಪ್ರಶ್ನೆಗಳನ್ನು ಮೊದಲು ನಮಗೆ ನಾವೇ ಕೇಳಿಕೊಂಡು ನಿಮ್ಮ ಮುಂದಿಡುತ್ತಿದ್ದೇವೆ.

ನಾವು ಯಾವ ಅಳತೆಯಿಂದ ಅಳೆಯುತ್ತೇವೋ ಅದೇ ಅಳತೆಯಿಂದ ನಮಗೂ ಅಳೆಯಲಾಗುವುದೆಂದು ಪ್ರಭು ಬೋಧಿಸಿದ್ದಾರೆ. ಗೋಪಾಲಗೌಡರೂ ಕಾಗೋಡಿನ ರೈತರೂ ಅಳತೆ ಸರಿಯಾಗಿರಲೆಂದು ಒಟ್ಟಾಗಿ ನಿಂತರು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರವು ನೆರೆಹೊರೆಯವರೊಡನೆ ಹಾಗೆ ನಿಲ್ಲುವ ಧೈರ್ಯವನ್ನು ಪಡೆಯಲೆಂದು ದೇವರಲ್ಲಿ ಬೇಡಿಕೊಳ್ಳುತ್ತೇವೆ.