ಆಂಬುಲೆನ್ಸ್ ಎಂದರೆ ಬರೀ ಗಾಡಿಯೇ? ಅದಕ್ಕೆ ರೂಪ ಕೊಟ್ಟ ಲಾರೆ ಕಥೆ ಓದಿ

ಆಂಬುಲೆನ್ಸ್ ಕೂಡ ಒಂದು ಗಾಡಿ ತಾನೇ, ಅದಕ್ಕೇಕೆ ಕಾಯಬೇಕು ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದು ಎಷ್ಟು ನಿಜ? ಉತ್ತರ ಒಬ್ಬ ಫ್ರೆಂಚ್ ವೈದ್ಯರ ಬದುಕಿನಲ್ಲಿದೆ.

ಡೊಮಿನಿಕ್ ಜಾನ್ ಲಾರೆ ಹುಟ್ಟಿದ್ದು 1766ರಲ್ಲಿ, ಪಿರೆನೀಸ್ ಬೆಟ್ಟಸಾಲಿನ ಹಳ್ಳಿಯೊಂದರಲ್ಲಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ತುಲೂಸ್ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ಸಂಬಂಧಿಯ ಬಳಿ ವೈದ್ಯವಿದ್ಯೆ ಕಲಿತರು. 1792ರಲ್ಲಿ ಸೇನೆ ಸೇರಿದರು.

ಆಗ ಸೇನೆಯ ವೈದ್ಯರು ರಣರಂಗದಿಂದ ಸುಮಾರು 5 ಕಿ.ಮೀ. ದೂರದಲ್ಲಿ ಇರುತ್ತಿದ್ದರು. ಯುದ್ಧ ಮುಗಿಯುವವರೆಗೂ ಗಾಯಾಳುಗಳು ಬಿದ್ದಲ್ಲೇ ಬಿದ್ದಿರಬೇಕಿತ್ತು. ಎಷ್ಟೋ ಜನ ರಕ್ತ ಸುರಿದೇ ಸಾಯುತ್ತಿದ್ದರು. ಕುದುರೆಗಳು ಫಿರಂಗಿಗಳನ್ನು ಸರಸರನೆ ಎಳೆದೊಯ್ಯುವುದನ್ನು ಕಂಡ ಲಾರೆ, ಗಾಯಾಳುಗಳಿಗೂ ಅಂಥದ್ದೇ ಗಾಡಿ ಮಾಡಿಸಿದರು. ಕುಲುಕಾಟ ತಗ್ಗಿಸಲು ಸ್ಪ್ರಿಂಗ್, ಮಲಗಲು ಹಾಸಿಗೆ, ಜೊತೆಗೆ ತರಬೇತಾದ ಸಿಬ್ಬಂದಿ. ಅದರ ಹೆಸರು ಹಾರುವ ಆಂಬುಲೆನ್ಸ್. ಈಜಿಪ್ಟಿನ ಮರಳಿನಲ್ಲಿ ಗಾಡಿ ಓಡದಾಗ ಒಂಟೆಗಳನ್ನೇ ಆಂಬುಲೆನ್ಸ್ ಮಾಡಿಕೊಂಡರು.

ಅವರ ಇನ್ನೊಂದು ನಿಯಮ: ಯಾರ ಗಾಯ ಹೆಚ್ಚು ಗಂಭೀರವೋ ಅವರಿಗೆ ಮೊದಲು ಚಿಕಿತ್ಸೆ. ಅಧಿಕಾರಿಯೋ ಸಿಪಾಯಿಯೋ, ನಮ್ಮವನೋ ಶತ್ರುವೋ ಎಂದು ನೋಡುವಂತಿಲ್ಲ. 1815ರಲ್ಲಿ ವಾಟರ್‌ಲೂನಲ್ಲಿ ಪ್ರಷ್ಯನ್ನರ ಕೈಗೆ ಸಿಕ್ಕಿ ಗುಂಡಿಗೆ ಬಲಿಯಾಗಬೇಕಿದ್ದ ಲಾರೆ, ವೈದ್ಯರೊಬ್ಬರು ಗುರುತು ಹಿಡಿದಿದ್ದರಿಂದ ಬದುಕಿದರು. ನೆಪೋಲಿಯನ್ ತನ್ನ ಉಯಿಲಿನಲ್ಲಿ ಅವರಿಗೆ 1 ಲಕ್ಷ ಫ್ರಾಂಕ್ ಬರೆದಿಟ್ಟ. 1842ರಲ್ಲಿ ಲಾರೆ ತೀರಿಕೊಂಡರು.

ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಗಿದ್ದು 2008ರ ನವೆಂಬರ್ 1ರಂದು. ಅದರ ಹಿಂದಿರುವುದೂ ಇದೇ ಆಲೋಚನೆ: ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ, ರೋಗಿ ಇರುವ ಜಾಗದಲ್ಲೇ ಶುರುವಾಗಬೇಕು. ಆಕ್ಸಿಜನ್ ಕೊಡಲು, ರಕ್ತಸ್ರಾವ ತಡೆಯಲು, ದಾರಿಯಲ್ಲಿ ಹೆರಿಗೆ ಮಾಡಿಸಲು ತರಬೇತಾದವರು ಗಾಡಿಯಲ್ಲಿರುತ್ತಾರೆ.

ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನಂಥ ಕಾಡಂಚಿನ ಊರುಗಳಲ್ಲಿ, ಹಾಡಿಗಳಲ್ಲಿ ಆಂಬುಲೆನ್ಸ್ ಬರುವುದು ತಡವಾಗಬಹುದು. ಆದರೂ ಮೊದಲು 108ಕ್ಕೆ ಕರೆ ಮಾಡಿ. ಗಾಡಿ ಎಲ್ಲಿದೆ, ಅಲ್ಲಿಯವರೆಗೆ ಏನು ಮಾಡಬೇಕು ಎಂದು ಕೇಳಿ. ತೀರಾ ತಡವಾಗುವುದಾದರೆ ಸಿಕ್ಕ ಜೀಪಿನಲ್ಲೇ ಹೊರಡಿ. ಹಾವು ಕಚ್ಚಿದ್ದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.